ಫೇಲಾದವನ ಡಿಗ್ರಿ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಕಾರ್ಯದರ್ಶಿಗಳು ಆಡಿದ ಮಾತುಗಳು)



ಸಂಘದ ಲೆಕ್ಕಪತ್ರದ ವಿಚಾರ ಅಧ್ಯಕ್ಷರು ಆಗಲೇ ಹೇಳಿದ್ದಾರೆ. ನನಗೆ ವಿದ್ಯಾಭ್ಯಾಸದ ಬಗ್ಗೆ ಎರಡು ಮಾತಾಡು ಅಂತ ಅಪ್ಪಣೆಯಾಗಿದೆ. ಇದನ್ನು ಕೇಳಿ ನಮ್ಮ ಮನೆಯಾಕೆ ನಕ್ಕಳು. ನಗೋದೂ ಸಹಜವೇ. 1994ರ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ 14, ವಿಜ್ಞಾನಕ್ಕೆ 22 ತೆಗೆದು ಡುಮ್ಕಿ ಹೊಡೆದವನು ನಾನು.

ಆ ಮಾರ್ಕ್ಸ್ ಕಾರ್ಡನ್ನು ನಮ್ಮವ್ವ ಟ್ರಂಕಿನ ತಳದಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದಳು. ಇಪ್ಪತ್ತು ವರ್ಷ ನಾನು ಅದನ್ನು ಮುಟ್ಟಲಿಲ್ಲ. 2000ದಲ್ಲಿ ಈ ಸಂಘ ಶುರುವಾದಾಗ ಹಾಲು ಪರೀಕ್ಷೆ ಮಾಡೋ ಕೆಲಸ ಸಿಕ್ಕಿತು. ಗಾಜಿನ ಕೊಳವೆಗೆ 10 ಮಿಲಿ ಆಸಿಡ್, ಅದರ ಮೇಲೆ 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲ್. ಮಿಷನ್ನಿನಲ್ಲಿ ತಿರುಗಿಸಿ ಫ್ಯಾಟ್ ಓದಬೇಕು, ಲೀಟರಿನ ಲೆಕ್ಕ ಹಾಕಬೇಕು, ಬಟವಾಡೆ ಪಟ್ಟಿ ಬರೀಬೇಕು. ಒಂದು ರೂಪಾಯಿ ಹೆಚ್ಚುಕಮ್ಮಿಯಾದರೂ ನೀವು ಬಿಡುವವರಲ್ಲ! ದಿನಾ ಬೆಳಿಗ್ಗೆ ಸಾಯಂಕಾಲ ನಾನು ಮಾಡ್ತಿದ್ದದ್ದು ಫೇಲಾದ ಆ ಎರಡು ಸಬ್ಜೆಕ್ಟನ್ನೇ ಅಂತ ಹೊಳೆಯೋದಕ್ಕೆ ಬಹಳ ವರ್ಷ ಹಿಡಿಯಿತು. ನಮ್ಮೂರಲ್ಲಿ ಡಿಗ್ರಿ ಅಂದರೆ ಹಾಲಿನ ಡಿಗ್ರಿ ತಾನೆ, ಇನ್ನೊಂದು ಡಿಗ್ರಿ ಯಾರು ಯೋಚನೆ ಮಾಡ್ತಾರೆ?

ಒಂದು ದಿನ ಮಗಳು ಶಾಲೆಯ ಅರ್ಜಿ ತುಂಬುತ್ತಾ ಕೂತಿದ್ದಳು. 'ತಂದೆಯ ವಿದ್ಯಾರ್ಹತೆ' ಎನ್ನುವ ಕಡೆ ಎಸ್ಸೆಸ್ಸೆಲ್ಸಿ ಅಂತ ಬರೆದು, "ಪಾಸಾ ಅಪ್ಪಾ?" ಅಂದಳು. ನಾನು ಎದ್ದು ಕೊಟ್ಟಿಗೆಗೆ ಹೋದೆ. ಹಸುವಿಗೆ ಹುಲ್ಲು ಆಗಲೇ ಹಾಕಿತ್ತು, ಇನ್ನೊಂದು ಸಲ ಹಾಕಿದೆ.

2014ರಲ್ಲಿ ಖಾಸಗಿ ಅಭ್ಯರ್ಥಿಯಾಗಿ ಎಲ್ಲಾ ವಿಷಯವನ್ನೂ ಹೊಸದಾಗಿ ಕಟ್ಟಿದೆ. ಹಳೇ ಪಾಠವೆಲ್ಲ ಬದಲಾಗಿತ್ತು. ಪರೀಕ್ಷೆ ದಿನ ಗೇಟಿನಲ್ಲಿದ್ದವರು "ಪೋಷಕರು ಹೊರಗೇ ನಿಲ್ಲಿ" ಅಂದರು. ಹಾಲ್ ಟಿಕೆಟ್ ತೋರಿಸಿದೆ. ಪಕ್ಕದಲ್ಲಿದ್ದ ಹುಡುಗರು ಮುಸಿಮುಸಿ ನಕ್ಕರು. ಆಮೇಲೆ ಅವರಲ್ಲೇ ಒಬ್ಬ ನನಗೆ ಸ್ಕೇಲು ಕೊಟ್ಟ. ಗಣಿತಕ್ಕೆ 41 ಬಂತು. 35 ಬಂದಿದ್ದರೂ ಅಷ್ಟೇ ಖುಷಿಪಡ್ತಿದ್ದೆ ಅನ್ನಿ.

2016ರಲ್ಲಿ ಪಿಯುಸಿಯನ್ನೂ ಹೊರಗಿನಿಂದಲೇ, ಕಲಾ ವಿಭಾಗದಲ್ಲಿ ಕಟ್ಟಿದೆ. 2018ರಲ್ಲಿ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎ.ಗೆ ಅರ್ಜಿ ಹಾಕಿದೆ. ಅರ್ಜಿಯ ಜೊತೆ ಮಾರ್ಕ್ಸ್ ಕಾರ್ಡ್ ಕೊಡುವಾಗ ಕೈ ನಡುಗಿದ್ದು ನಿಜ. ಆದರೆ ಅಲ್ಲಿ ಪಿಯುಸಿ ಪಾಸಾಗಿದೆಯೋ ಇಲ್ಲವೋ ನೋಡಿದರೇ ಹೊರತು, ಎಷ್ಟು ನಂಬರು, ಯಾಕೆ ಇಷ್ಟು ತಡ ಅಂತ ಯಾರೂ ಕೇಳಲಿಲ್ಲ. ಕೇಳ್ತಾರೆ ಅಂತ ಹೆದರಿಕೊಂಡು ನಾನೇ ಇಪ್ಪತ್ತು ವರ್ಷ ಕಳೆದಿದ್ದೆ.

ಈಗ ಮುಖ್ಯ ವಿಷಯ. ಹೋದ ತಿಂಗಳು ನಮ್ಮ ಸದಸ್ಯರೊಬ್ಬರ ಸೊಸೆ ಡೈರಿಗೆ ಬಂದು ಅಳುತ್ತಾ ನಿಂತಳು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ವಿಷಯ ಹೋಗಿದೆ. ಪೇಟೆಯಲ್ಲಿ ಯಾರೋ ಏಜೆಂಟು, "ಪಿಯುಸಿ ಬೇಡ, ಒಂದೇ ವರ್ಷದಲ್ಲಿ ನೇರ ಡಿಗ್ರಿ" ಅಂತ ಹೇಳಿ ಹದಿನೈದು ಸಾವಿರ ತಗೊಂಡಿದ್ದಾನೆ. ಹಸು ಮಾರಿದ ದುಡ್ಡು ಅದು. ಈಗ ಫೋನೂ ಎತ್ತೋದಿಲ್ಲ. ದಯವಿಟ್ಟು ಕೇಳಿ, ಮೆಟ್ಟಿಲು ಹಾರಿಸೋ ಡಿಗ್ರಿ ಕೆಲಸಕ್ಕೆ ಬರೋದಿಲ್ಲ. ಮುಂದೆ ನೌಕರಿಗೆ ಅರ್ಜಿ ಹಾಕಿದಾಗ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಅಂತ ಒಂದರ ಹಿಂದೊಂದು ಕಾಗದ ಕೇಳ್ತಾರೆ.

ಗಣಿತ ಕಂಡರೇ ಭಯ ಅನ್ನುವವರಿಗೆ ಇನ್ನೊಂದು ದಾರಿ ಇದೆ. 1989ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಮುಕ್ತ ಶಾಲೆ, ಈಗ ಎನ್‌ಐಓಎಸ್ ಅಂತ ಕರೀತಾರೆ. ಅಲ್ಲಿ ವಯಸ್ಸಿನ ಮೇಲ್ಮಿತಿ ಇಲ್ಲ. ಹತ್ತನೆಯದಕ್ಕೆ ಐದು ವಿಷಯ ಪಾಸಾಗಬೇಕು. ಭಾಷೆ ಬೇಕೇ ಬೇಕು, ಗಣಿತ ಕಡ್ಡಾಯವಲ್ಲ. ಪಾಸಾದ ವಿಷಯ ಹಾಗೇ ಉಳಿಯುತ್ತೆ, ಉಳಿದದ್ದನ್ನು ಐದು ವರ್ಷದೊಳಗೆ ಮುಗಿಸಬಹುದು. ಆದರೆ ಗಣಿತ ಕೇಳುವ ನೌಕರಿ ಮನಸ್ಸಿನಲ್ಲಿದ್ದರೆ ಅದನ್ನು ಬಿಡಬೇಡಿ, ನಾನು ಹೇಳಿಕೊಡ್ತೀನಿ.

ಡಿಗ್ರಿಗೆ ನಮ್ಮ ಮುಕ್ತ ವಿಶ್ವವಿದ್ಯಾನಿಲಯ ಇದೆ, ದೆಹಲಿಯ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯವೂ ಇದೆ. ಜುಲೈ, ಜನವರಿ ಎರಡು ಸಲ ಪ್ರವೇಶ ನಡೆಯುತ್ತೆ. ದುಡ್ಡು ಕಟ್ಟೋ ಮುಂಚೆ ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಆ ವರ್ಷಕ್ಕೆ ಇದೆಯಾ ಅಂತ ಯುಜಿಸಿಯ ಪಟ್ಟಿಯಲ್ಲೇ ನೋಡಿ. ಮಾನ್ಯತೆ ಶಾಶ್ವತವಲ್ಲ, ನಮ್ಮ ಮೈಸೂರಿನದಕ್ಕೇ 2013ರಿಂದ ಕೆಲವು ವರ್ಷ ಇರಲಿಲ್ಲ, 2018ರಲ್ಲಿ ಮತ್ತೆ ಬಂತು. ಅರ್ಜಿಯಲ್ಲಿ ಹೆಸರು, ಹುಟ್ಟಿದ ತಾರೀಖು ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇದ್ದ ಹಾಗೇ ಇರಲಿ. ಆಧಾರಿನಲ್ಲಿ ಒಂದು, ಕಾರ್ಡಿನಲ್ಲಿ ಒಂದು ಇದ್ದರೆ ಮೊದಲು ಅದನ್ನು ಸರಿಮಾಡಿಸಿ. ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ ಇದೇ ದೊಡ್ಡ ತೊಡಕು.

2021ರಲ್ಲಿ, ನಲವತ್ತಮೂರನೇ ವಯಸ್ಸಿನಲ್ಲಿ ಬಿ.ಎ. ಮುಗಿಯಿತು. ಕ್ಲಾಸು ದೊಡ್ಡದೇನಲ್ಲ, ಸೆಕೆಂಡ್ ಕ್ಲಾಸು. ನಮ್ಮವ್ವ ಅದನ್ನೂ ಟ್ರಂಕಿನಲ್ಲೇ ಇಟ್ಟಳು, ಈ ಸಲ ಸೀರೆಗಳ ಮೇಲೆ.

ಆ ಸೊಸೆಯ ಅರ್ಜಿಯನ್ನು ಸೋಮವಾರ ತುಂಬುತ್ತೇವೆ. ಬೇರೆ ಯಾರಿಗಾದರೂ ಬೇಕಿದ್ದರೆ ಬೆಳಗಿನ ಹಾಲು ಮುಗಿದ ಮೇಲೆ ಹಳೇ ಮಾರ್ಕ್ಸ್ ಕಾರ್ಡ್ ತಗೊಂಡು ಆಫೀಸಿಗೆ ಬನ್ನಿ. ಎಷ್ಟು ನಂಬರಿದ್ದರೂ ನಾನು ನಗೋದಿಲ್ಲ, ನನ್ನದು 14. ಕ್ಯಾನ್ ಲಾರಿ ಬರೋ ಹೊತ್ತಾಯಿತು.