ಕಾಫಿ ಕೊಡುವ ಕೈಗಡ

(ಕೊಡ್ಲಿಪೇಟೆಯಲ್ಲಿ ಓದುಗರ ಕೂಟವೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಮಾತು ಮುಗಿದ ಕೂಡಲೇ ಕಾಫಿ ಇದೆಯೆಂದು ಕರೆದವರು ಹೇಳಿದ್ದಾರೆ. ಕಾಫಿ ಬೆಳೆಯುವ ಊರಿನಲ್ಲಿ, ಕಾಫಿಗೆ ಮುಂಚೆ, ಕಾಫಿಯ ಬಗ್ಗೆಯೇ ಮಾತಾಡುವುದು ಸ್ವಲ್ಪ ಧೈರ್ಯದ ಕೆಲಸ.

"ಕಾಫಿ ಕುಡಿಯುವ ತನಕ ಅವರನ್ನು ಮಾತಾಡಿಸಬೇಡಿ" ಎಂದು ಹೇಳದ ಮನೆ ನಮ್ಮಲ್ಲಿ ಕಡಿಮೆ. ಕುಡಿದ ಮೇಲೆ ಅದೇ ಮನುಷ್ಯ ನಗುತ್ತಾನೆ. ಆ ಸಿಡುಕು ಅವನ ಸ್ವಭಾವವೇ? ಆ ನಗು ಕಾಫಿಯ ಕೊಡುಗೆಯೇ? ಇಂದಿನ ನನ್ನ ವಿಷಯ ಇಷ್ಟೇ.

ಬಾಬಾ ಬುಡನ್ ಯೆಮನ್ ದೇಶದಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರೆಂಬ ಐತಿಹ್ಯ ನಿಮಗೆಲ್ಲ ಗೊತ್ತು. ಆ ಬೀಜದೊಳಗೆ ಏನಿದೆಯೆಂಬುದು ತಿಳಿದದ್ದು ತಡವಾಗಿ. 1819ರಲ್ಲಿ ರುಂಗೆ ಎಂಬ ಜರ್ಮನ್ ತರುಣ, ಕವಿ ಗಯಟೆ ಕೊಟ್ಟ ಕಾಫಿಬೀಜಗಳಿಂದ ಕೆಫೀನನ್ನು ಬೇರ್ಪಡಿಸಿದ. ನಮ್ಮ ಸೋಮವಾರಪೇಟೆ ಕಡೆಯ ಅರೇಬಿಕಾಗಿಂತ ವಿರಾಜಪೇಟೆ ಕಡೆ ಹೆಚ್ಚಾಗಿ ಬೆಳೆಯುವ ರೊಬಸ್ಟಾದಲ್ಲಿ ಈ ಕೆಫೀನ್ ಸುಮಾರು ಎರಡು ಪಾಲು. ಚಿಕೋರಿಯಲ್ಲಿ ಇದು ಇಲ್ಲವೇ ಇಲ್ಲ.

ಇದು ಕೆಲಸ ಮಾಡುವ ಬಗೆ ಸ್ವಾರಸ್ಯಕರ. ನಾವು ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಕೂಡುತ್ತಾ ಹೋಗುತ್ತದೆ. ನರಕೋಶಗಳ ಮೇಲೆ ಅದಕ್ಕೆಂದೇ ಇರುವ ಜಾಗದಲ್ಲಿ ಅದು ಕುಳಿತರೆ ನಮಗೆ ಜೊಂಪು. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವಲು ಹಾಕುವವರಂತೆ ಕೆಫೀನ್ ಆ ಜಾಗವನ್ನು ಮೊದಲೇ ಹಿಡಿಯುತ್ತದೆ. ಜೊಂಪು ತಡೆಯುತ್ತದೆ, ಮನಸ್ಸು ಚುರುಕಾಗುತ್ತದೆ, ಗೆಲುವೂ ಮೂಡುತ್ತದೆ. ಇದು ಭ್ರಮೆಯಲ್ಲ. ಆದರೆ ಅಡೆನೊಸಿನ್ ಬಸ್ಸಿನಿಂದ ಇಳಿದಿರುವುದಿಲ್ಲ, ಬಾಗಿಲಲ್ಲಿ ನಿಂತಿರುತ್ತದೆ. ಕೆಫೀನ್ ಎದ್ದೊಡನೆ ಅದು ಬಂದು ಕೂರುತ್ತದೆ. ಕಾಫಿ ಕೊಟ್ಟದ್ದು ಶಕ್ತಿಯಲ್ಲ, ಕೈಗಡ. ಕಣದಲ್ಲಿ ಒಣಗುವ ಕಾಫಿಗೆ ರಾತ್ರಿ ಕಾವಲಿರುವವರೂ, ಘಾಟಿ ಇಳಿಯುವ ಚಾಲಕರೂ ಇದನ್ನು ನೆನಪಿಡಬೇಕು. ಒಂದು ಲೋಟ ಕಾಫಿ ನಿದ್ದೆಯನ್ನು ಮುಂದೂಡಬಹುದು, ನಿದ್ದೆಯ ಬದಲಿಗೆ ಬಾರದು.

ದಿನವೂ ಕುಡಿಯುವವರ ಮಿದುಳು ಇದಕ್ಕೆ ಹೊಂದಿಕೊಂಡುಬಿಡುತ್ತದೆ. ಕಾಫಿ ತಪ್ಪಿದರೆ 12ರಿಂದ 24 ಗಂಟೆಯೊಳಗೆ ತಲೆನೋವು, ಸುಸ್ತು, ಸಿಡುಕು ಶುರುವಾಗಬಹುದು. ಒಂದೆರಡು ದಿನ ಜೋರಾಗಿದ್ದು, ವಾರದವರೆಗೂ ಎಳೆಯಬಹುದು. ಅಮೆರಿಕದ ಮನೋವೈದ್ಯರು 2013ರಲ್ಲಿ ತಮ್ಮ ರೋಗಸೂಚಿಯಲ್ಲೇ ಇದನ್ನು ಸೇರಿಸಿದರು. ಏಕಾದಶಿಯ ಉಪವಾಸದಲ್ಲಿ, ರಂಜಾನಿನ ಮೊದಲ ದಿನಗಳಲ್ಲಿ ಬರುವ ತಲೆನೋವನ್ನು ನಾವು ಹಸಿವಿನ ಲೆಕ್ಕಕ್ಕೆ ಬರೆಯುತ್ತೇವೆ. ಅದರಲ್ಲಿ ಕಾಫಿ, ಚಹಾಗಳ ಪಾಲೂ ಇರುತ್ತದೆ.

ನನ್ನದೇ ಕಥೆ ಹೇಳುತ್ತೇನೆ. ರಾತ್ರಿ ಪಾಳಿಯಲ್ಲಿ ಆರು ಲೋಟ ಕುಡಿಯುತ್ತಿದ್ದ ನಾನು ಒಮ್ಮೆ ರಜೆಗೆ ಮನೆಗೆ ಹೋದಾಗ ಒಂದೇಟಿಗೆ ನಿಲ್ಲಿಸಿದೆ. ಮರುದಿನ ತಲೆ ಸಿಡಿಯುತ್ತಿತ್ತು. ಸಾರಿಗೆ ಉಪ್ಪು ಕಡಿಮೆಯೆಂದು ಅಮ್ಮನ ಮೇಲೆ ರೇಗಿದೆ. ಅಮ್ಮ ಏನೂ ಅನ್ನಲಿಲ್ಲ. ಪೇಟೆಗೆ ಹೋಗಿ ಮಗ ಬದಲಾದನೆಂದು ಅಕ್ಕನ ಬಳಿ ಹೇಳಿಕೊಂಡರಂತೆ. ಬದಲಾದದ್ದು ಮಗನಲ್ಲ, ಲೋಟಗಳ ಲೆಕ್ಕ ಎಂದು ತಿಳಿದದ್ದು ಆಮೇಲೆ. ಅಮ್ಮನಿಗೆ ಅದನ್ನು ವಿವರಿಸಲು ಇನ್ನೊಂದು ರಜೆಯೇ ಬೇಕಾಯಿತು. ಬೆಳಗಿನ ಮೊದಲ ಗುಟುಕಿನ ಸುಖದಲ್ಲಿ ಒಂದು ಪಾಲು ನಿನ್ನೆಯ ಸಾಲ ತೀರಿದ ನೆಮ್ಮದಿಯಷ್ಟೆ. ಬಿಡುವವರು ದಿನಕ್ಕೆ ಅರ್ಧ ಲೋಟದಂತೆ ಇಳಿಸುತ್ತಾ ಬಂದರೆ ತಲೆಯೂ ಉಳಿಯುತ್ತದೆ, ಮನೆಯವರೂ ಉಳಿಯುತ್ತಾರೆ.

ಹಾಗಾದರೆ ಎಷ್ಟು ಕುಡಿಯಬಹುದು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮೀರಬಾರದೆನ್ನುತ್ತದೆ. ಅದರ ಪ್ರಕಾರ 150 ಮಿಲಿಲೀಟರಿನ ಒಂದು ಕಪ್ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಇರುತ್ತದೆ. ಊಟಕ್ಕೆ ಒಂದು ಗಂಟೆ ಹಿಂದೆ, ಒಂದು ಗಂಟೆ ಮುಂದೆ ಇವು ಬೇಡ. ಆಹಾರದ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಇದು ಆರೋಗ್ಯವಂತ ವಯಸ್ಕರ ಮಾತು. ಗರ್ಭಿಣಿಯರಿಗೆ ಮಿತಿ ಇನ್ನೂ ಕಡಿಮೆ. ಎದೆ ಡವಗುಟ್ಟುವವರು, ಸಣ್ಣದಕ್ಕೂ ಗಾಬರಿಯಾಗುವವರು ತಮ್ಮ ಮೈಯ ಮಾತು ಕೇಳುವುದು ಮೇಲು.

ಹೊತ್ತಿನ ಲೆಕ್ಕವೂ ಇದೆ. ಕುಡಿದ ಕೆಫೀನಿನಲ್ಲಿ ಅರ್ಧ ಮೈಬಿಟ್ಟು ಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಐದರ ಕಾಫಿಯ ಅರ್ಧಪಾಲು ರಾತ್ರಿ ಹತ್ತಕ್ಕೂ ಒಳಗಿರುತ್ತದೆ. ನಿದ್ದೆ ಕೆಟ್ಟರೆ ಮರುದಿನ ಮನಸ್ಸು ಮಂಕು. ಆ ಮಂಕು ಕಳೆಯಲು ಮತ್ತೊಂದು ಲೋಟ.

ಕಾಫಿ ಬಿಡಿ ಎಂದು ಹೇಳಲು ನಾನು ಬಂದಿಲ್ಲ. ಬೆಳೆದವರ ಮುಂದೆ ಹಾಗೆ ಹೇಳುವಷ್ಟು ಕೃತಘ್ನನಲ್ಲ. ಬಂದವರಿಗೆ ಬೆಲ್ಲದ ಕಾಫಿ ಕೊಟ್ಟು ಕೂರಿಸಿ ಮಾತಾಡಿಸುವುದರ ಸುಖವನ್ನು ಮಿಲಿಗ್ರಾಮಿನಲ್ಲಿ ಅಳೆಯಲಾಗದು. ಸಾಲ ಎಷ್ಟಿದೆ ಎಂಬುದಷ್ಟೇ ನಮಗೆ ತಿಳಿದಿರಲಿ.

ಈಗ ಸಂಜೆ ಐದೂವರೆ. ಒಳಗಿನಿಂದ ಪರಿಮಳ ಬರುತ್ತಿದೆ. ನನಗೆ ಅರ್ಧ ಲೋಟ ಸಾಕು.