ಉಗಿಬಂಡಿಗೊಂದು ನಿಟ್ಟುಸಿರು, ಟ್ರಾಮಿಗೊಂದು ಪ್ರಶ್ನೆ

(ಹಳೆಯ ರೈಲು ಮತ್ತು ಟ್ರಾಮುಗಳ ಛಾಯಾಚಿತ್ರ ಪ್ರದರ್ಶನವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಒಳಗೆ ಬರುವಾಗ ಗೋಡೆಯ ಮೇಲಿನ ಚಿತ್ರಗಳನ್ನೆಲ್ಲ ನೋಡಿಕೊಂಡು ಬಂದೆ. ಒಂದು ಸಾಲಿನಲ್ಲಿ ಉಗಿ ಎಂಜಿನ್ನುಗಳು, ಎದುರು ಸಾಲಿನಲ್ಲಿ ಮುಂಬಯಿ, ಮದರಾಸು, ಕಲ್ಕತ್ತೆಗಳ ಟ್ರಾಮುಗಳು. ಎರಡಕ್ಕೂ ಸೇರಿಸಿ ಸಂಘಟಕರು ‘ಕಳೆದುಹೋದ ಕಾಲ’ ಎಂದು ಒಂದೇ ಫಲಕ ತೂಗುಹಾಕಿದ್ದಾರೆ. ನನ್ನ ತಕರಾರು ಆ ಫಲಕದಿಂದಲೇ ಶುರುವಾಗುತ್ತದೆ. ಇವೆರಡೂ ಒಂದೇ ಥರ ಸತ್ತವಲ್ಲ. ಒಂದಕ್ಕೆ ವಯಸ್ಸಾಗಿತ್ತು. ಇನ್ನೊಂದನ್ನು ಮನೆಯಿಂದ ಹೊರಗೆ ಹಾಕಿದರು.

ಮೊದಲು ಉಗಿಬಂಡಿ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು ಹೊರಟಿತು. 1864ರಲ್ಲಿ ಬೆಂಗಳೂರಿನ ದಂಡಿಗೂ ಜೋಲಾರಪೇಟೆಗೂ ಹಳಿ ಕೂಡಿತು. ಅಲ್ಲಿಂದಾಚೆಗೆ ಬಹುಕಾಲ ನಮ್ಮ ಕಡೆ ರೈಲೆಂದರೆ ಉಗಿಯೇ. ಭಾಷೆಯೇ ಅದಕ್ಕೆ ಸಾಕ್ಷಿ: ಉಗಿಬಂಡಿ, ಹೊಗೆಬಂಡಿ, ಪಂಡಿತರ ಬಾಯಲ್ಲಿ ಧೂಮಶಕಟ. ವಿದ್ಯುತ್ ರೈಲನ್ನು ಬಿಟ್ಟು ಬೇರೇನನ್ನೂ ಕಾಣದ ಮಗು ಕೂಡ ಇವತ್ತಿಗೂ ‘ಚುಕುಬುಕು’ ಎನ್ನುತ್ತದೆ. ರೈಲಿನ ಚಿತ್ರ ಬರೆದರೆ ಎಂಜಿನ್ನಿನ ಮೇಲೊಂದು ಹೊಗೆಯ ಸುರುಳಿ ಇರಲೇಬೇಕು.

ಆ ಹೊಗೆಯ ವಿಚಾರಕ್ಕೇ ಬರುತ್ತೇನೆ. ನನ್ನ ಸೋದರಮಾವ ಅರಸೀಕೆರೆಯಲ್ಲಿದ್ದುಕೊಂಡು ಫೈರ್‌ಮನ್ ಕೆಲಸ ಮಾಡಿದವರು. ಚಿಕ್ಕವನಿದ್ದಾಗ ಕಿಟಕಿಗೆ ಮುಖವೊಡ್ಡಿ, ಕಣ್ಣಿಗೆ ಕಲ್ಲಿದ್ದಲ ಕರಿ ಬಿದ್ದು ಅಳುತ್ತ ಅವರ ಮನೆ ಸೇರಿದ ನೆನಪು ನನಗಿದೆ. ದೊಡ್ಡವನಾದ ಮೇಲೆ ಒಮ್ಮೆ ಅವರೆದುರು ಆ ಪ್ರಯಾಣಗಳ ಸೊಗಸನ್ನು ಬಣ್ಣಿಸುತ್ತ ಕೂತೆ. ಎಲ್ಲ ಕೇಳಿ, ‘ನೀನು ಕಿಟಕಿ ಪಕ್ಕ ಕೂತಿದ್ದೆ ಕಣೋ, ನಾನು ಒಲೆ ಮುಂದೆ ನಿಂತಿದ್ದೆ’ ಎಂದರು.

ಒಲೆಯ ಮುಂದೆ ನಿಲ್ಲುವುದೆಂದರೆ ಏನು? ಕುಲುಕುವ ತಟ್ಟೆಯ ಮೇಲೆ ಕಾಲೂರಿ, ಹಿಂದಿನಿಂದ ಕಲ್ಲಿದ್ದಲನ್ನು ಸಲಿಕೆಯಲ್ಲಿ ತೋಡಿ, ಉರಿಯುವ ಬಾಗಿಲೊಳಗೆ ಹದವಾಗಿ ಹರಡಬೇಕು. ಒಂದೆಡೆ ರಾಶಿ ಬಿದ್ದರೆ ಬೆಂಕಿ ಮಂಕಾಗುತ್ತದೆ, ಒಂದೆಡೆ ತೆಳುವಾದರೆ ತಣ್ಣನೆಯ ಗಾಳಿ ನುಗ್ಗುತ್ತದೆ. ಬಾಯ್ಲರಿನ ನೀರು ಒಲೆಯ ನೆತ್ತಿಗಿಂತ ಕೆಳಗೆ ಇಳಿದರೆ ಪ್ರಾಣಕ್ಕೇ ಸಂಚಕಾರ. ಎದೆಗೆ ಬೆಂಕಿ, ಬೆನ್ನಿಗೆ ಮಳೆಗಾಳಿ.

ಮಾವ ಹೇಳಿದ ಇನ್ನೊಂದು ಮಾತು ನನಗೆ ಬಹಳ ದಿನ ಕಾಡಿತು. ಚೆನ್ನಾಗಿ ಬೆಂಕಿ ಹಾಕಬಲ್ಲವನ ಚಿಮಣಿಯಿಂದ ಹೊಗೆ ತೆಳ್ಳಗೆ, ಬೂದು ಬಣ್ಣದಲ್ಲಿ ಬರುತ್ತದೆ. ಕಪ್ಪು ಹೊಗೆ ಎಂದರೆ ಕಲ್ಲಿದ್ದಲು ಸರಿಯಾಗಿ ಉರಿಯದೆ ದಂಡವಾಗುತ್ತಿದೆ ಎಂದರ್ಥ. ಆದರೆ ಉತ್ಸಾಹಿಗಳಿಗಾಗಿ ಉಗಿ ಎಂಜಿನ್ ಓಡಿಸುವ ಕಡೆಗಳಲ್ಲಿ ಛಾಯಾಗ್ರಾಹಕರು ಬೇಡುವುದೇ ಕಪ್ಪು ಹೊಗೆಯನ್ನು! ಇಲ್ಲಿಯೂ ಎಲ್ಲಕ್ಕಿಂತ ದೊಡ್ಡದಾಗಿ ಕಟ್ಟು ಹಾಕಿಸಿರುವ ಚಿತ್ರ ಅಂಥದ್ದೇ. ನಾವು ಬೆರಗಿನಿಂದ ನೋಡುವುದು ಕೆಟ್ಟ ಕೆಲಸವನ್ನು; ಒಳ್ಳೆಯ ಕೆಲಸ ಚಿತ್ರಕ್ಕೆ ಸಿಗುವುದಿಲ್ಲ.

ಉಗಿಯ ಸಾವಿನಲ್ಲಿ ಅನ್ಯಾಯವೇನೂ ಇರಲಿಲ್ಲ. ಕಲ್ಲಿದ್ದಲಿನ ಶಾಖದಲ್ಲಿ ಹತ್ತರಲ್ಲೊಂದು ಪಾಲು ಕೂಡ ಬಂಡಿ ಎಳೆಯುವುದಕ್ಕೆ ಒದಗುತ್ತಿರಲಿಲ್ಲ. ಹೊರಡುವುದಕ್ಕೆ ಗಂಟೆಗಟ್ಟಲೆ ಮುಂಚೆ ಬೆಂಕಿ ಹಾಕಬೇಕು, ದಾರಿಯಲ್ಲಿ ನೀರು ಕುಡಿಸಬೇಕು, ಕೊನೆಗೆ ಬೂದಿ ಬಳಿಯಬೇಕು. ಚಿತ್ತರಂಜನ್ ಕಾರ್ಖಾನೆ 1950ರಿಂದ 1972ರವರೆಗೆ 2,351 ಉಗಿ ಎಂಜಿನ್ನುಗಳನ್ನು ಕಟ್ಟಿತು. 1970ರಲ್ಲಿ ಹೊರಬಂದ ಕೊನೆಯ ಬ್ರಾಡ್‌ಗೇಜ್ ಎಂಜಿನ್ನಿಗೆ ‘ಅಂತಿಮ್ ಸಿತಾರಾ’ ಎಂದು ಹೆಸರಿಟ್ಟರು. ಆ ಹೊತ್ತಿಗಾಗಲೇ ಡೀಸೆಲ್ ಮತ್ತು ವಿದ್ಯುತ್ತು ಗೆದ್ದಾಗಿತ್ತು. 1995ರ ಡಿಸೆಂಬರಿನಲ್ಲಿ ಬ್ರಾಡ್‌ಗೇಜ್ ಹಳಿಗಳ ಮೇಲೆ ಉಗಿಯ ನಿತ್ಯ ಸಂಚಾರ ನಿಂತಿತು. ಮೀಟರ್‌ಗೇಜಿನಲ್ಲಿ ಇನ್ನು ಕೆಲವು ವರ್ಷ ಉಸಿರಾಡಿತು. ಈಗ ನೀಲಗಿರಿ, ಡಾರ್ಜಿಲಿಂಗ್‌ನಂಥ ಬೆಟ್ಟದ ದಾರಿಗಳಲ್ಲಿ ಉಳಿದುಕೊಂಡಿದೆ. ಅದಕ್ಕಾಗಿ ನಿಟ್ಟುಸಿರು ಬಿಡೋಣ, ಬೇಡವೆನ್ನುವುದಿಲ್ಲ.

ಟ್ರಾಮಿನ ಕತೆ ಬೇರೆ. ಮದರಾಸಿನ ಬೀದಿಗಳಲ್ಲಿ ವಿದ್ಯುತ್ ಟ್ರಾಮ್ ಓಡಿದ್ದು 1895ರಲ್ಲಿ. ಲಂಡನ್ನಿನ ಬೀದಿಗಳಿಗೆ ಅದು ಬರುವ ಮುಂಚೆ. ಮುಂಬಯಿಯಲ್ಲಿ 1874ರಿಂದ ಕುದುರೆಗಳು ಎಳೆದವು, 1907ರಿಂದ ವಿದ್ಯುತ್ತು ಎಳೆಯಿತು, 1920ರಲ್ಲಿ ಡಬಲ್ ಡೆಕ್ಕರ್ ಟ್ರಾಮುಗಳೂ ಬಂದವು. ಹೊಗೆಯಿಲ್ಲ, ಮಸಿಯಿಲ್ಲ, ನೀರು ಕುಡಿಸುವ ಗೋಜಿಲ್ಲ. ಅದು ಯಾರ ವಾಹನವಾಗಿತ್ತು ಎಂಬುದಕ್ಕೆ ಕಲ್ಕತ್ತೆಯ ಒಂದು ಸಂಗತಿ ಸಾಕು. 1953ರಲ್ಲಿ ಎರಡನೆಯ ದರ್ಜೆಯ ಟ್ರಾಮ್ ಟಿಕೆಟ್ಟಿಗೆ ಒಂದು ಪೈಸೆ ಏರಿಸಿದ್ದಕ್ಕೆ ಇಡೀ ಊರೇ ಬೀದಿಗಿಳಿಯಿತು. ಒಂದು ಪೈಸೆಯ ಲೆಕ್ಕ ಇಡುವವರು ಕೂರುತ್ತಿದ್ದ ಗಾಡಿ ಅದು.

ಅದೇ 1953ರ ಏಪ್ರಿಲ್‌ನಲ್ಲಿ ಮದರಾಸಿನ ಕಂಪೆನಿ ದಿವಾಳಿಯೆದ್ದು ಟ್ರಾಮ್ ನಿಂತಿತು. ದೆಹಲಿಯಲ್ಲಿ 1963ರಲ್ಲಿ. ಮುಂಬಯಿಯಲ್ಲಿ 1964ರ ಮಾರ್ಚ್ 31ರ ರಾತ್ರಿ ಬೋರಿಬಂದರಿನಿಂದ ದಾದರಿಗೆ ಕೊನೆಯ ಟ್ರಾಮ್ ಹೊರಟಾಗ ನೋಡಲು ಜನ ಕಿಕ್ಕಿರಿದಿದ್ದರು. ನಿಲ್ಲಿಸಿದವರ ವಾದವನ್ನೂ ಹೇಳಬೇಕು: ಗಾಡಿಗಳು ನಿಧಾನ, ಹಳಿಗಳು ಹಳತಾಗಿವೆ, ನಷ್ಟ ಬೆಳೆಯುತ್ತಿದೆ, ಇಕ್ಕಟ್ಟಾದ ರಸ್ತೆಯ ನಡುವೆ ಟ್ರಾಮ್ ನಿಂತರೆ ಹಿಂದಿನ ಮೋಟಾರುಗಳೆಲ್ಲ ನಿಲ್ಲಬೇಕು. ಎಲ್ಲ ನಿಜ. ಆದರೆ ಕಾರಿನೊಳಗೆ ಒಬ್ಬರು, ಟ್ರಾಮಿನೊಳಗೆ ಹತ್ತಾರು ಮಂದಿ ಇರುವಾಗ, ಯಾರಿಗೆ ಯಾರು ಅಡ್ಡ? ಆ ಲೆಕ್ಕವನ್ನು ಕಾರಿನ ಕಡೆಯಿಂದಲೇ ಮಾಡಲಾಯಿತು ಎಂಬುದು ನನ್ನ ಅನಿಸಿಕೆ.

ಹಾಗೆ ಕಿತ್ತವರು ಮತ್ತೆ ಹಾಕಿಕೊಂಡದ್ದೂ ಉಂಟು. ಅಮೆರಿಕದ ಲಾಸ್ ಏಂಜಲೀಸಿನಿಂದ ಲಾಂಗ್ ಬೀಚಿಗೆ ಹೋಗುತ್ತಿದ್ದ ವಿದ್ಯುತ್ ಬಂಡಿಯನ್ನು 1961ರಲ್ಲಿ ನಿಲ್ಲಿಸಿದರು. 1990ರಲ್ಲಿ ಬಹುಮಟ್ಟಿಗೆ ಅದೇ ದಾರಿಯಲ್ಲಿ ಹೊಸದಾಗಿ ಹಾಕಿಸಿದರು. ಫ್ರಾನ್ಸಿನ ನಾಂಟ್ ಪಟ್ಟಣ 1958ರಲ್ಲಿ ಕೈಬಿಟ್ಟ ಟ್ರಾಮನ್ನು 1985ರಲ್ಲಿ ವಾಪಸು ಕರೆಯಿತು. ಉಗಿ ಎಂಜಿನ್ನನ್ನು ಹೀಗೆ ನಿತ್ಯದ ದುಡಿಮೆಗೆ ವಾಪಸು ಕರೆದದ್ದು ತೀರ ಅಪರೂಪ.

ಅದಕ್ಕೇ ಆ ಫಲಕ ನನಗೆ ಚುಚ್ಚುತ್ತದೆ. ಎರಡನ್ನೂ ಒಂದೇ ಗೋಡೆಗೆ ನೇತುಹಾಕಿದರೆ ಟ್ರಾಮ್ ಕೂಡ ತಾನಾಗಿ ತೀರಿಹೋದ ಅಜ್ಜನಂತೆ ಕಾಣುತ್ತದೆ. ಕಲ್ಕತ್ತೆಯಲ್ಲಿ ಆಗುತ್ತಿರುವುದು ಇದೇ. 2024ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸರಕಾರ, ಎಸ್ಪ್ಲನೇಡ್ ಮತ್ತು ಮೈದಾನದ ನಡುವೆ ಪರಂಪರೆಯ ನೆನಪಿಗೆಂದು ಒಂದು ದಾರಿ ಉಳಿಸಿ ಮಿಕ್ಕದ್ದನ್ನು ನಿಲ್ಲಿಸುವುದಾಗಿ ಹೇಳಿತು. ಕೆಲಸಕ್ಕೆ ಹೋಗುವವರ ಗಾಡಿ ನೋಡಲು ಬರುವವರ ಗಾಡಿಯಾಗಬೇಕು ಎಂದರ್ಥ. ಬೆಂಗಳೂರಿಗೆ ಟ್ರಾಮ್ ಬರಲೇ ಇಲ್ಲ, ಆದ್ದರಿಂದ ನಮಗೆ ಈ ನೋವಿಲ್ಲ, ಬಿಡಿ.

ನಿವೃತ್ತರಾದ ಮೇಲೆ ಮಾವ ರೈಲ್ವೆ ಪಾಸಿನಲ್ಲಿ ಅತ್ತೆಯನ್ನು ಕರೆದುಕೊಂಡು ಕಲ್ಕತ್ತೆಗೆ ಹೋಗಿಬಂದರು. ಕಾಳಿ ಗುಡಿಯ ಪ್ರಸಾದ ಕೈಗಿಟ್ಟು, ಅವರು ಮಾತಾಡಿದ್ದೆಲ್ಲ ಟ್ರಾಮಿನ ಬಗ್ಗೆ. ‘ಡ್ರೈವರ್ ನಿಂತುಕೊಂಡೇ ಓಡಿಸ್ತಾನೆ. ಸಂಜೆ ಇಳಿಯೋವಾಗ ನೋಡಿದೆ, ಅಂಗಿ ಮೇಲೆ ಒಂದು ಮಸಿ ಕಲೆ ಇಲ್ಲ’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: ‘ಒಂದೊಂದೇ ಕಡೆ ಕಿತ್ತುಹಾಕ್ತಿದ್ದಾರಂತಲ್ಲೋ. ಯಾಕಂತೆ?’