ಹಳೆಯ ಕಂಪ್ಯೂಟರುಗಳ ವ್ಯವಸ್ಥೆಯನ್ನು ಬದಲಿಸಬೇಕೆ?

(ಬಳಗದ ಮಾಸಿಕ ಸಭೆಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಬರಹರೂಪ)



ಕೊಳೆರೋಗದ ಬಗೆಗೋ ಹುಳಿಮಣ್ಣಿನ ಬಗೆಗೋ ಮಾತನಾಡಬೇಕಾದ ಕೃಷಿ ವಿಜ್ಞಾನಿಯೊಬ್ಬರು ಇಂದು ಕಂಪ್ಯೂಟರಿನ ವಿಷಯವನ್ನು ಎತ್ತಿಕೊಂಡಿರುವುದು ತಮ್ಮಲ್ಲಿ ಕೆಲವರಿಗೆ ವಿಚಿತ್ರವೆನಿಸಬಹುದು. ಕಾರಣವಿಷ್ಟೆ. ಕಳೆದ ಸಭೆಯಲ್ಲಿ ಬಳಗದ ನಾಲ್ಕೂ ಕಂಪ್ಯೂಟರುಗಳನ್ನು ವಿಲೇವಾರಿ ಮಾಡಿ ಹೊಸವನ್ನು ಕೊಳ್ಳಬೇಕೆಂಬ ಸಲಹೆ ಬಂದಿತ್ತು. ಪೇಟೆಯ ಅಂಗಡಿಯವರು ನೋಡಿ, "ಇವಕ್ಕೆ ಇನ್ನು ಸಪೋರ್ಟ್ ಇಲ್ಲ, ಗುಜರಿಗೆ ಹಾಕಿ" ಎಂದು ಹೇಳಿಹೋಗಿದ್ದರು. ಆಗ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, "ಅಲ್ಲ ಡಾಕ್ಟ್ರೇ, ನಡೀತಾ ಇರೋ ಯಂತ್ರಾನ ಯಾಕೆ ಮುಟ್ಟೋದು?" ಎಂದು ಕೇಳಿದರು. ಅಂದು ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಈ ಒಂದು ತಿಂಗಳಲ್ಲಿ ವಿದ್ಯಾರ್ಥಿಗಳ ನೆರವಿನಿಂದ ಆ ಯಂತ್ರಗಳನ್ನು ಬಿಚ್ಚಿ ನೋಡಿದ್ದೇನೆ. ಅಂಗಡಿಯವರ ಮಾತು ಅರ್ಧ ಸರಿ, ಹಿರಿಯರ ಮಾತೂ ಅರ್ಧ ಸರಿ ಎಂಬುದು ಈಗ ನನಗೆ ಮನವರಿಕೆಯಾಗಿದೆ.

ಕಂಪ್ಯೂಟರಿನ ಬಿಡಿಭಾಗಗಳಿಗೆಲ್ಲ ಕೆಲಸ ಹೇಳಿ ಮಾಡಿಸುವ ಮೂಲ ತಂತ್ರಾಂಶವನ್ನು ಕಾರ್ಯಾಚರಣ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಂ, ಎನ್ನುತ್ತಾರೆ. ವಿಂಡೋಸ್ ಅಂತಹದೊಂದು, ಲಿನಕ್ಸ್ ಇನ್ನೊಂದು. ಅದರ ಸಪೋರ್ಟ್ ಮುಗಿಯಿತೆಂದರೆ ಯಂತ್ರವೇನೂ ನಿಂತುಹೋಗುವುದಿಲ್ಲ. ನಾವು ಪ್ರತಿವರ್ಷ ಮಳೆಗಾಲಕ್ಕೆ ಮುನ್ನ ಮಾಡು ಹತ್ತಿ ಹೆಂಚು ಕೈಯಾಡಿಸುತ್ತೇವಲ್ಲ, ಒಡೆದದ್ದನ್ನು ತೆಗೆದು ಬೇರೆ ಹೊದೆಸುತ್ತೇವಲ್ಲ, ಅಂತಹ ಕೆಲಸವನ್ನು ತಯಾರಕರು ನಿಲ್ಲಿಸುತ್ತಾರೆ. ಮನೆ ಮಾರನೆಯ ದಿನವೂ ನಿಂತೇ ಇರುತ್ತದೆ. ಎಲ್ಲಿ ಸೋರುತ್ತಿದೆ ಎಂಬುದು ಮಾತ್ರ ಕಳ್ಳರಿಗೆ ನಮಗಿಂತ ಮೊದಲು ತಿಳಿಯುತ್ತದೆ.

ಈ ದಿನಾಂಕಗಳನ್ನು ತಯಾರಕರು ಮೊದಲೇ ಪ್ರಕಟಿಸಿರುತ್ತಾರೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು ಬೆಂಬಲ ನಿಂತಿತು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು. ಹಿಂದೆ ಹೊಸ ಆವೃತ್ತಿ ಬಂದಾಗ ಹಳೆಯ ಯಂತ್ರ ಸ್ವಲ್ಪ ಏದುಸಿರು ಬಿಟ್ಟಾದರೂ ಅದನ್ನು ಹೊರುತ್ತಿತ್ತು. 2021ರ ವಿಂಡೋಸ್ 11ರ ವಿಷಯ ಹಾಗಲ್ಲ. ಅದಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆ ಇರಬೇಕು. ಇಂಟೆಲ್ ಪ್ರೊಸೆಸರಾದರೆ ಸಾಮಾನ್ಯವಾಗಿ 8ನೆಯ ಪೀಳಿಗೆಯದೋ ಅದರ ನಂತರದ್ದೋ ಆಗಿರಬೇಕು. ಸ್ಥೂಲವಾಗಿ ಹೇಳುವುದಾದರೆ 2018ಕ್ಕಿಂತ ಹಿಂದಿನ ಬಹುಪಾಲು ಯಂತ್ರಗಳು, ಎಷ್ಟೇ ಗಟ್ಟಿಮುಟ್ಟಾಗಿದ್ದರೂ, ಈ ಜರಡಿಯಲ್ಲಿ ನಿಲ್ಲುವುದಿಲ್ಲ. ನಮ್ಮ ನಾಲ್ಕರಲ್ಲಿ ಒಂದೂ ನಿಂತಿಲ್ಲ. ಕಾನಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆಯು ಹೀಗೆ ಬಳಕೆ ತಪ್ಪಬಹುದಾದ ಯಂತ್ರಗಳ ಸಂಖ್ಯೆಯನ್ನು 24 ಕೋಟಿಯೆಂದು 2023ರಲ್ಲಿ ಅಂದಾಜಿಸಿತ್ತು.

ಪರಿಸರದ ಕೆಲಸ ಮಾಡುವ ನಾವು ಈ ಸಂಖ್ಯೆಯನ್ನು ಓದಿ ಸುಮ್ಮನಿರುವಂತಿಲ್ಲ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಉತ್ಪತ್ತಿಯಾಯಿತೆಂದೂ ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದಕ್ಕೆ ದಾಖಲೆಯಿರುವುದು ಶೇಕಡಾ 22.3ಕ್ಕೆ ಮಾತ್ರವೆಂದೂ ವಿಶ್ವಸಂಸ್ಥೆಯ 2024ರ ವರದಿ ತಿಳಿಸುತ್ತದೆ. ಉಳಿದದ್ದರ ಗತಿಯನ್ನು ತಿಳಿಯಬೇಕಾದರೆ ಉತ್ತರ ಪ್ರದೇಶದ ಮೊರಾದಾಬಾದಿನ ಕಥೆಯನ್ನು ಓದಬೇಕು. ಅಲ್ಲಿ ರಾಮಗಂಗಾ ನದಿಯ ದಡದಲ್ಲಿ ಸರ್ಕ್ಯೂಟ್ ಬೋರ್ಡುಗಳನ್ನು ಸುಟ್ಟು, ಬೂದಿಯನ್ನು ತೊಳೆದು ಲೋಹ ತೆಗೆಯುವ ಕಸುಬು ಬಹುಕಾಲ ನಡೆದುಬಂದಿದೆ. ಸೀಸ ಸೇರಿದ ಆ ಕಪ್ಪು ಬೂದಿ ಸೇರುವುದು ಹೊಳೆಗೆ. ಇನ್ನೊಂದು ಸಂಗತಿಯೂ ಇದೆ. ಒಂದು ಲ್ಯಾಪ್‌ಟಾಪ್ ತನ್ನ ಜೀವಮಾನದಲ್ಲಿ ವಾತಾವರಣದ ಮೇಲೆ ಹೊರಿಸುವ ಇಂಗಾಲದ ಹೊರೆಯಲ್ಲಿ ಹೆಚ್ಚಿನ ಪಾಲು ಅದನ್ನು ತಯಾರಿಸುವಾಗಲೇ ಸೇರಿಬಿಟ್ಟಿರುತ್ತದೆ. ವಿದ್ಯುತ್ ಉಳಿಸುತ್ತದೆಂಬ ನೆಪದಲ್ಲಿ ಹೊಸದನ್ನು ಕೊಳ್ಳುವುದಕ್ಕಿಂತ ಇರುವುದನ್ನೇ ಇನ್ನೈದು ವರ್ಷ ಬಳಸುವುದು ಬಹುತೇಕ ಸಂದರ್ಭಗಳಲ್ಲಿ ಲೇಸು.

ಹಾಗಾದರೆ ಹಿರಿಯರು ಹೇಳಿದಂತೆ ಮುಟ್ಟದೆ ಬಿಡೋಣವೆ? 2017ರ ಮೇ 12ರಂದು ವಾನಾಕ್ರೈ ಎಂಬ ಕುತಂತ್ರಾಂಶವು ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಹರಡಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಇಂಗ್ಲೆಂಡಿನ ಆಸ್ಪತ್ರೆಗಳು ಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಗಮನಿಸಬೇಕಾದ ಅಂಶವೆಂದರೆ, ಆ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲಿ, ಕೊಟ್ಟಿತ್ತು. ಸಿಕ್ಕಿಬಿದ್ದ ಯಂತ್ರಗಳಲ್ಲಿ ಬಹುಪಾಲು ಎಕ್ಸ್‌ಪಿಯವಲ್ಲ; ಆಗಿನ್ನೂ ಬೆಂಬಲವಿದ್ದ ವಿಂಡೋಸ್ 7ರವು. ಸಿಗುತ್ತಿದ್ದ ತೇಪೆಯನ್ನು ಹಾಕಿಕೊಳ್ಳದವರಿಗೇ ಇಷ್ಟಾದರೆ ತೇಪೆಯೇ ಸಿಗದವರ ಪಾಡೇನು? ನಮ್ಮೂರುಗಳಲ್ಲಿ ಒಂದು ಸಂಕೋಚದ ವಿಷಯವೂ ಇದೆ. ಅಂಗಡಿಯಲ್ಲಿ ಐನೂರು ರೂಪಾಯಿಗೆ ಹಾಕಿಸಿಕೊಂಡ ವಿಂಡೋಸ್ ಕದ್ದ ಪ್ರತಿಯಾಗಿದ್ದು, ಸಿಕ್ಕಿಬೀಳಬಾರದೆಂದು ಅದರ ತೇಪೆಗಳನ್ನು ನಿಲ್ಲಿಸಿರುವುದುಂಟು. ಅಂತಹ ಯಂತ್ರಕ್ಕೆ ಬೆಂಬಲ ಎಂದೂ ಇರಲೇ ಇಲ್ಲ.

ಇಲ್ಲಿ ನನ್ನದೇ ಎರಡು ತಪ್ಪುಗಳನ್ನು ಹೇಳಿಕೊಳ್ಳಬೇಕು. ಹಿಂದೆ ನಾನು ಕೆಲಸ ಮಾಡುತ್ತಿದ್ದ ಪ್ರಯೋಗಾಲಯವೊಂದರಲ್ಲಿ ಮಣ್ಣಿನ ತಾಮ್ರ, ಸತುಗಳನ್ನು ಅಳೆಯುವ ಉಪಕರಣವಿತ್ತು. ತಲೆಮಾರುಗಳಿಂದ ಬೋರ್ಡೋ ದ್ರಾವಣ ಸಿಂಪಡಿಸುತ್ತ ಬಂದ ತೋಟಗಳಲ್ಲಿ ತಾಮ್ರವೆಷ್ಟು ಸೇರಿದೆಯೆಂದು ತಿಳಿಯಲು ನಮಗೆ ಅದೇ ಆಧಾರ. ಅದನ್ನು ನಡೆಸುತ್ತಿದ್ದುದು ಎಕ್ಸ್‌ಪಿ ಇದ್ದ ಒಂದು ಕಂಪ್ಯೂಟರ್. ಎಕ್ಸ್‌ಪಿ ಹಳತಾಯಿತೆಂದು ನಾನೇ ಮುಂದಾಗಿ ನಿಂತು ಅದಕ್ಕೆ ವಿಂಡೋಸ್ 7 ಹಾಕಿಸಿದೆ. ಮರುದಿನ ಉಪಕರಣ ಮಾತನಾಡಲಿಲ್ಲ. ಅದನ್ನು ಕಂಪ್ಯೂಟರಿಗೆ ಜೋಡಿಸುವ ಚಾಲಕ ತಂತ್ರಾಂಶವು ಎಕ್ಸ್‌ಪಿಗೆ ಮಾತ್ರ ಬರೆದದ್ದಾಗಿತ್ತು. ಹೊಸ ಉಪಕರಣ ಕೊಳ್ಳಿರೆಂಬ ಉತ್ತರ ಬಂದಿತು. ರೈತರು ಕೊಟ್ಟಿದ್ದ ಮಣ್ಣಿನ ಚೀಲಗಳು ಸಾಲಾಗಿ ಕುಳಿತವು. ಗೊಬ್ಬರ ಹಾಕುವ ಕಾಲ ಮೀರಿಹೋಯಿತು. ಸಹಾಯಕರೊಬ್ಬರು ಹಳೆಯ ಡಿಸ್ಕಿನ ಪೂರ್ಣ ಪ್ರತಿಯೊಂದನ್ನು ತಮ್ಮ ಕಪಾಟಿನಲ್ಲಿ ಇಟ್ಟುಕೊಂಡಿದ್ದರು, ಅದರಿಂದ ಬಚಾವಾದೆವು.

ಆ ಅನುಭವದಿಂದ ನಾನು ಕಲಿತದ್ದು ಮುಟ್ಟಬಾರದೆಂಬ ಪಾಠವನ್ನು. ಎರಡನೆಯ ತಪ್ಪು ಅಲ್ಲಿಂದಲೇ ಹುಟ್ಟಿತು. ಅದೇ ಯಂತ್ರದಿಂದ ಫಲಿತಾಂಶ ಒಯ್ಯಲು ಯಾರು ಯಾರೋ ತಂದ ಪೆನ್‌ಡ್ರೈವ್ ಚುಚ್ಚಲು ಬಿಟ್ಟೆ. ಒಂದು ಬೆಳಗ್ಗೆ ಕಡತಗಳಿದ್ದ ಫೋಲ್ಡರುಗಳೆಲ್ಲ ಶಾರ್ಟ್‌ಕಟ್‌ಗಳಾಗಿ ಕುಳಿತಿದ್ದವು. ಎರಡು ತಿಂಗಳ ಫಲಿತಾಂಶಗಳನ್ನು ಕೈಬರಹದ ನೋಟುಪುಸ್ತಕದಿಂದ ಮತ್ತೆ ತುಂಬಬೇಕಾಯಿತು. (ನೋಟುಪುಸ್ತಕ ಬರೆಯುವುದನ್ನು ಬಿಡಬೇಡಿರೆಂದು ವಿದ್ಯಾರ್ಥಿಗಳಿಗೆ ನಾನು ಪದೇ ಪದೇ ಹೇಳುವುದು ಇದಕ್ಕೇ.)

ಈಗ ನಮ್ಮ ನಾಲ್ಕು ಯಂತ್ರಗಳ ವಿಚಾರ. ವಯಸ್ಸನ್ನು ಬದಿಗಿಟ್ಟು, ಒಂದೊಂದೂ ಏನು ಕೆಲಸ ಮಾಡುತ್ತದೆ, ಇಂಟರ್ನೆಟ್ಟಿಗೆ ತೆರೆದುಕೊಂಡಿದೆಯೆ ಎಂದು ನೋಡಿದೆ. ಮಳೆ ಲೆಕ್ಕದ ಎಕ್ಸ್‌ಪಿ ಯಂತ್ರ ಒಳಕೋಣೆಯಲ್ಲಿದೆ, ಅದಕ್ಕೆ ಇಂಟರ್ನೆಟ್ ಇಲ್ಲ. ಹಳೆಯ ಮಳೆಮಾಪಕದ ತಂತ್ರಾಂಶ ನಡೆಯುವುದು ಅದರಲ್ಲಿ ಮಾತ್ರ. ಅದನ್ನು ಹಾಗೆಯೇ ಬಿಡೋಣ. ಅದಕ್ಕೆಂದೇ ಒಂದು ಪೆನ್‌ಡ್ರೈವ್ ಮೀಸಲಿಡೋಣ. ಅಂಕಿಗಳನ್ನು ತಿಂಗಳಿಗೊಮ್ಮೆ ಹೊರತೆಗೆದು ಎರಡು ಬೇರೆ ಬೇರೆ ಮನೆಗಳಲ್ಲಿ ಪ್ರತಿ ಇಡೋಣ. ಏಪ್ರಿಲ್–ಮೇ ತಿಂಗಳ ಸಿಡಿಲಿಗೆ ಎಕ್ಸ್‌ಪಿಯೂ ಒಂದೇ, ವಿಂಡೋಸ್ 11ಉ ಒಂದೇ.

ಲೆಕ್ಕಪತ್ರದ ಯಂತ್ರ ಕಠಿಣವಾದದ್ದು. ಅದರ ತಂತ್ರಾಂಶ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ. ಬ್ಯಾಂಕಿನ ವ್ಯವಹಾರವನ್ನೂ ಅದರಲ್ಲೇ ಮಾಡುತ್ತಿದ್ದೇವೆ. ವಿಂಡೋಸ್ 10ಕ್ಕೆ ಹಣ ಕೊಟ್ಟು ತೇಪೆಗಳನ್ನು ಮುಂದುವರಿಸಿಕೊಳ್ಳುವ ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿತು. ಸಂಸ್ಥೆಗಳಿಗೆ ಯಂತ್ರವೊಂದಕ್ಕೆ ಮೊದಲ ವರ್ಷ 61 ಡಾಲರ್, ಆನಂತರ ವರ್ಷ ವರ್ಷವೂ ಇಮ್ಮಡಿ. ಮೂರು ವರ್ಷಕ್ಕೆ 427 ಡಾಲರ್ ಆಯಿತು. ಮುರುಕು ಮಾಡಿಗೆ ಇಷ್ಟು ಬಾಡಿಗೆ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಆ ಯಂತ್ರವನ್ನು ಇಂಟರ್ನೆಟ್ಟಿನಿಂದ ಬಿಡಿಸಿ ಲೆಕ್ಕಕ್ಕೆ ಮಾತ್ರ ಇಟ್ಟುಕೊಳ್ಳೋಣ. ಬ್ಯಾಂಕು, ಪಹಣಿ, ಇ-ಮೇಲ್ ಇವೆಲ್ಲ ಬೇರೆ ಯಂತ್ರಕ್ಕೆ ಹೋಗಲಿ. ಮುಂದೊಂದು ದಿನ ಕೊಳ್ಳಲೇಬೇಕಾದರೆ, ವಿಂಡೋಸ್ 11 ಹೊರಬಲ್ಲ ಸೆಕೆಂಡ್ ಹ್ಯಾಂಡ್ ಯಂತ್ರವನ್ನು ಹುಡುಕೋಣ.

ಆ ಬೇರೆ ಯಂತ್ರ ಯಾವುದು? ವಾಚನಾಲಯದಲ್ಲಿರುವ ಎರಡು. ಒಂದರಲ್ಲಿ ವಿಂಡೋಸ್ 7 ಇದೆ. 2023ರ ಫೆಬ್ರವರಿಯಿಂದ ಕ್ರೋಮ್ ಬ್ರೌಸರಿನ ಹೊಸ ಆವೃತ್ತಿಗಳೂ ಅದಕ್ಕೆ ಬರುತ್ತಿಲ್ಲ. ಅರ್ಜಿ ತುಂಬುವಾಗ ಪುಟಗಳು ತೆರೆಯುವುದಿಲ್ಲವೆಂದು ವಿದ್ಯಾರ್ಥಿಗಳು ದೂರುವುದಕ್ಕೆ ಅದೂ ಒಂದು ಕಾರಣ. ಈ ಎರಡಕ್ಕೂ ಲಿನಕ್ಸ್ ಹಾಕುವುದು ನನ್ನ ಸಲಹೆ. ಲಿನಕ್ಸ್ ಮಿಂಟ್ ಎಂಬ ಆವೃತ್ತಿಗೆ 4 ಜಿಬಿ ರ‍್ಯಾಮ್ ಇದ್ದರೆ ಸಾಕು. ಹಳೆಯ ಹಾರ್ಡ್ ಡಿಸ್ಕಿನ ಬದಲು ಒಂದು ಎಸ್‌ಎಸ್‌ಡಿ ಕೂರಿಸಿದರೆ ಯಂತ್ರಕ್ಕೆ ಹೊಸ ಜೀವ ಬಂದಂತಾಗುತ್ತದೆ. ವ್ಯವಸ್ಥೆಗೆ ಹಣವಿಲ್ಲ, ತೇಪೆಗಳು ಕ್ರಮವಾಗಿ ಬರುತ್ತವೆ. ನಮ್ಮ ನೆರೆಯ ಕೇರಳವು 2000ರ ದಶಕದಲ್ಲೇ ಸರಕಾರಿ ಶಾಲೆಗಳ ಕಂಪ್ಯೂಟರ್ ಶಿಕ್ಷಣವನ್ನು ಸ್ವತಂತ್ರ ತಂತ್ರಾಂಶಕ್ಕೆ ವರ್ಗಾಯಿಸಿತು. ಹಳ್ಳಿಯ ಮಕ್ಕಳಿಗೆ ಇದು ಕಷ್ಟವೆಂಬ ವಾದ ನಿಲ್ಲುವುದಿಲ್ಲ.

ಆದರೂ ಲಿನಕ್ಸನ್ನು ಮದ್ದಿಲ್ಲದ ರೋಗಕ್ಕೆ ಮದ್ದೆಂದು ಹೊಗಳುವವರಲ್ಲಿ ನಾನಿಲ್ಲ. ಕೆಲವು ಪ್ರಿಂಟರುಗಳು ಅದರೊಡನೆ ಹಟ ಮಾಡುತ್ತವೆ. ಡಿಜಿಟಲ್ ಸಹಿಯ ಟೋಕನ್ ಬಳಸುವವರು ಮೊದಲು ಪರೀಕ್ಷಿಸಿ ನೋಡಬೇಕು. ತೀರ ಹಳೆಯ 32 ಬಿಟ್ ಯಂತ್ರಗಳನ್ನು ಅಲ್ಲಿಯೂ ಕೈಬಿಡುತ್ತಿದ್ದಾರೆ. ಡೆಬಿಯನ್ 2025ರ ಆಗಸ್ಟ್‌ನಲ್ಲಿ ತಂದ 13ನೆಯ ಆವೃತ್ತಿಯಲ್ಲಿ ಅವುಗಳಿಗೆ ಅನುಸ್ಥಾಪಕವಿಲ್ಲ. ಒಳ್ಳೆಯ ಸುದ್ದಿಯೆಂದರೆ, ಪೆನ್‌ಡ್ರೈವಿನಿಂದಲೇ ಲಿನಕ್ಸನ್ನು ನಡೆಸಿ, ಡಿಸ್ಕನ್ನು ಮುಟ್ಟದೆ, ವೈ-ಫೈ, ಪ್ರಿಂಟರ್ ಎಲ್ಲವನ್ನೂ ಮೊದಲೇ ಪರೀಕ್ಷಿಸಬಹುದು. ಮಣ್ಣು ಪರೀಕ್ಷೆ ಮಾಡಿ ಗೊಬ್ಬರ ಹಾಕಿದಂತೆ. ವಿದ್ಯಾರ್ಥಿಗಳ ಸ್ವಂತ ಲ್ಯಾಪ್‌ಟಾಪುಗಳಲ್ಲಿ ಅಸಲಿ ವಿಂಡೋಸ್ 10 ಇದ್ದು, ಅವು 11ಕ್ಕೆ ಅರ್ಹವಾಗಿದ್ದರೆ ಉಚಿತವಾಗಿಯೇ ಏರಿಸಿಕೊಳ್ಳಬಹುದು. ಅದರಲ್ಲಿ ಚರ್ಚಿಸುವಂತಹದೇನೂ ಇಲ್ಲ.

ಇನ್ನು ನನ್ನ ನಿದ್ದೆ ಕೆಡಿಸಿದ ಸಂಗತಿಗೆ ಬರುತ್ತೇನೆ. ಹದಿನೈದು ದಿನಗಳ ಹಿಂದೆ ಉತ್ಸಾಹಿ ವಿದ್ಯಾರ್ಥಿಯೊಬ್ಬರು ಬಳಗದ ಹಳೆಯ ಕಡತಗಳನ್ನು ತಮ್ಮ ಲಿನಕ್ಸ್ ಲ್ಯಾಪ್‌ಟಾಪಿಗೆ ಹಾಕಿಕೊಂಡು ತೆರೆದರು. ನಮ್ಮ ಒರತೆ, ಜಲಮೂಲಗಳ ಸಮೀಕ್ಷೆಯಿದ್ದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣಿಸಿತು. "ಎಲ್ಲ ಕರಪ್ಟ್ ಆಗಿದೆ, ಅಳಿಸಿಬಿಡಲಾ ಸರ್?" ಎಂದು ಫೋನಿನಲ್ಲಿ ಕೇಳಿದರು. ಪುಣ್ಯಕ್ಕೆ ಕೇಳಿದರು. ಆ ಕಡತಗಳಿಗೆ ಏನೂ ಆಗಿರಲಿಲ್ಲ. ಅವು ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚಾದವು. ಆ ಕಾಲದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕೂರಿಸುತ್ತಿದ್ದರು. ಆ ಅಕ್ಷರಶೈಲಿ ಇಲ್ಲದ ಯಂತ್ರ ಅದನ್ನು ಇಂಗ್ಲಿಷೆಂದೇ ಓದುತ್ತದೆ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಸ್ಥಾನವಿದೆ. ಎಕ್ಸ್‌ಪಿಯಲ್ಲೇ ನಮ್ಮ ತುಂಗೆಯ ಹೆಸರು ಹೊತ್ತ ಯುನಿಕೋಡ್ ಅಕ್ಷರಶೈಲಿಯೊಂದಿತ್ತು. ನಾವು ಮಾತ್ರ ಅಭ್ಯಾಸಬಲದಿಂದ ಹಳೆಯದರಲ್ಲೇ ಟೈಪಿಸುತ್ತ ಹೋದೆವು.

ವ್ಯವಸ್ಥೆಯನ್ನು ಬದಲಿಸುವ ಮುನ್ನ ಈ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸಬೇಕು, ಮೂಲ ಪ್ರತಿಯನ್ನೂ ಹಾಗೆಯೇ ಉಳಿಸಿಕೊಳ್ಳಬೇಕು. ಪರಿವರ್ತಿಸುವ ತಂತ್ರಾಂಶಗಳಿವೆ. ಆದರೆ ಅವು ಅರ್ಕಾವತ್ತಿನಲ್ಲಿ, ಒತ್ತಕ್ಷರಗಳಲ್ಲಿ ಎಡವುತ್ತವೆ. ನಡುವೆ ಬಂದ ಇಂಗ್ಲಿಷ್ ಪದಗಳನ್ನೂ ಕನ್ನಡವೆಂದು ಬಗೆದು ಕಲಸಿಹಾಕುತ್ತವೆ. ಮರದ ವೈಜ್ಞಾನಿಕ ಹೆಸರು ಕೆಟ್ಟರೆ ನಾನು ತಿದ್ದಬಲ್ಲೆ. ಗುಡ್ಡದ ಹಿಂಬದಿಯ ಒರತೆಯ ಹೆಸರು, ಹಕ್ಕಲಿನ ಹೆಸರು, ಈಗ ಜನವಸತಿಯಿಲ್ಲದ ಮನೆಯ ಹೆಸರು ಕೆಟ್ಟರೆ ನನ್ನಿಂದ ಆಗದು, ಈ ವಿದ್ಯಾರ್ಥಿಗಳಿಂದಲೂ ಆಗದು. ಹೊಸ ಕೀಲಿಮಣೆ ಕಲಿಯಬೇಕಾದೀತೆಂದು ಯಾರೂ ಅಂಜಬೇಕಿಲ್ಲ. ನುಡಿಯಲ್ಲಿ ಬಳಸುತ್ತಿದ್ದ ಕಗಪ ವಿನ್ಯಾಸವೇ ಲಿನಕ್ಸಿನಲ್ಲೂ ದೊರೆಯುತ್ತದೆ.

ಆದ್ದರಿಂದ ಬರುವ ಭಾನುವಾರದಿಂದ ನಾಲ್ಕು ವಾರ, ಮಧ್ಯಾಹ್ನ ಎರಡರಿಂದ ಸಂಜೆಯವರೆಗೆ, ವಾಚನಾಲಯದಲ್ಲಿ ಕೂರೋಣವೆಂದುಕೊಂಡಿದ್ದೇವೆ. ಒಬ್ಬ ವಿದ್ಯಾರ್ಥಿ ಗಟ್ಟಿಯಾಗಿ ಓದಬೇಕು, ಊರು ಬಲ್ಲ ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು ತಿದ್ದಬೇಕು. ಅಂದು ಪ್ರಶ್ನೆ ಕೇಳಿದ ಹಿರಿಯರೇ ಮೊದಲ ವಾರ ಬರಲು ಒಪ್ಪಿದ್ದಾರೆ. ಉಳಿದವರು ಸಭೆ ಮುಗಿದ ಮೇಲೆ ಹೆಸರು ಬರೆಸಿ ಹೋಗಬೇಕೆಂದು ವಿನಂತಿ. ಲಿನಕ್ಸ್ ಹಾಕುವುದು ಐದನೆಯ ವಾರ.